ಸೋತ ಎಲೆಕ್ಷನ್ ಮೇಲೆ ಡೌಟ್ ಇದ್ಯಾ? ಹಾಗಾದ್ರೆ ಈ ಕೆಲಸಗಳನ್ನ ಮಾಡಿ

2024ರ ಜೂನ್ 4ಕ್ಕೆ ಲೋಕಸಭೆ ರಿಸಲ್ಟ್ ಬಂತು, ಎನ್‌ಡಿಎಗೆ 293 ಸೀಟು, ನಮ್ಮಲ್ಲಿ ಬಿಜೆಪಿ 17 ಜೆಡಿಎಸ್ 2 ಕಾಂಗ್ರೆಸ್ 9, ಸೋತೋರು ಒಂದಷ್ಟು ದಿನ ಮುಖ ಸಪ್ಪಗೆ ಮಾಡ್ಕೊಂಡು ಆಮೇಲೆ ಅವರವರ ಕೆಲಸ ನೋಡ್ಕೊಂಡ್ರು. ವರ್ಷ ಕಳೆದ ಮೇಲೆ, 2025ರ ಆಗಸ್ಟ್ 7ಕ್ಕೆ, ರಾಹುಲ್ ಗಾಂಧಿ ಪ್ರೆಸ್‌ಮೀಟ್ ಮಾಡಿ ಬೆಂಗಳೂರು ಸೆಂಟ್ರಲ್ ಲೋಕಸಭಾ ಸೀಟಿನೊಳಗೆ ಬರೋ ಮಹದೇವಪುರ ವಿಧಾನಸಭಾ ಕ್ಷೇತ್ರ ಒಂದ್ರಲ್ಲೇ 1,00,250 ವೋಟು ಕಳ್ಳತನ ಆಗಿದೆ ಅಂದ್ರು. ಇಡೀ ಲೋಕಸಭಾ ಸೀಟಲ್ಲಿ ಬಿಜೆಪಿಯ ಪಿ.ಸಿ. ಮೋಹನ್ ಗೆದ್ದಿದ್ದು 32,707 ವೋಟಿಂದ, ಮಹದೇವಪುರದಲ್ಲಿ ಅವರಿಗೆ ಸಿಕ್ಕ ಲೀಡು 1,14,046. ಎಲೆಕ್ಷನ್ ಕಮಿಷನ್ ಇದನ್ನ ಒಪ್ಪಲಿಲ್ಲ, ಪ್ರಮಾಣ ಮಾಡಿ ಸಹಿ ಹಾಕಿ ದೂರು ಕೊಡಿ ಅಂತು, ವೋಟರ್ ಲಿಸ್ಟ್ ಹೊರಗೆ ಬಂದಾಗ ಯಾರೂ ಅಪೀಲು ಹಾಕಿಲ್ವಲ್ಲ ಅಂತಾನೂ ಅಂತು.

ಇದ್ರಲ್ಲಿ ಯಾರು ಸರಿ ಅಂತ ತೀರ್ಮಾನ ಮಾಡೋಕೆ ನಾನು ಕೂತಿಲ್ಲ. ನೀವು ಯಾವ ಪಕ್ಷದವರೇ ಆಗಿರಿ, ಮುಂದಿನ ಸಲ ಸೋಲೋದು ನಿಮ್ಮ ಪಕ್ಷವೇ ಇರಬಹುದು, ಆಗ ನಿಮಗೂ ಇದೇ ಡೌಟು ಬರುತ್ತೆ. ಡೌಟು ಬಂದ ಮೇಲೆ ಜನ ಎರಡು ದಾರಿ ಹಿಡೀತಾರೆ, ಒಂದು, ಎಲ್ಲಾ ಫಿಕ್ಸ್ ಕಣ್ರೀ ಇನ್ಮೇಲೆ ವೋಟೇ ಹಾಕಲ್ಲ ಅಂತ ಮನೇಲಿ ಕೂರೋದು, ಇನ್ನೊಂದು, ಫ್ಯಾಮಿಲಿ ಗ್ರೂಪಲ್ಲಿ ಭಾವನ ಜೊತೆ ರಾತ್ರಿ ಹನ್ನೆರಡರವರೆಗೆ ಜಗಳ ಆಡಿ ಎಕ್ಸಿಟ್ ಆಗೋದು. ಎರಡರಿಂದಲೂ ಎದುರು ಪಾರ್ಟಿಯವ್ರಿಗೇ ಲಾಭ. ಮೂರನೇ ದಾರಿ ಇದೆ, ಬೋರಿಂಗ್ ದಾರಿ, ಅದ್ರ ಬಗ್ಗೆನೇ ಇಲ್ಲಿ ಬರೀತಿರೋದು.

ಮೊದಲು ಮಾಡಬೇಕಾದ್ದು, ನಿಮ್ಮ ಡೌಟನ್ನ ಚಿಕ್ಕದು ಮಾಡ್ಕೊಳ್ಳಿ. ದೇಶದ ತುಂಬಾ ಮೋಸ ಆಗಿದೆ ಅನ್ನೋದನ್ನ ಯಾವ ಆಫೀಸಲ್ಲೂ ಅರ್ಜಿ ಬರೆದು ಕೊಡಕ್ಕಾಗಲ್ಲ. ಇದಕ್ಕೆ 1971ರ ಕಥೆ ಗೊತ್ತಿರಬೇಕು. ಆ ಸಲ ಇಂದಿರಾ ಗಾಂಧಿ 352 ಸೀಟು ತಗೊಂಡು ಎಲ್ಲರನ್ನೂ ಗುಡಿಸಿ ಹಾಕಿದ್ರು, ಸೋತ ಜನಸಂಘದ ಬಲರಾಜ್ ಮಧೋಕ್ ಏನಂದ್ರು ಅಂದ್ರೆ ಬ್ಯಾಲೆಟ್ ಪೇಪರಿಗೆ ಕೆಮಿಕಲ್ ಹಾಕಿದಾರೆ, ನಾವು ಒತ್ತಿದ ಮುದ್ರೆ ಅಳಿಸಿಹೋಗಿ ಇಂದಿರಾ ಪಕ್ಷದ ಹಸು ಕರು ಗುರುತಿನ ಮುಂದೆ ತಾನಾಗೇ ಮುದ್ರೆ ಮೂಡುತ್ತೆ ಅಂತ. ಸುಪ್ರೀಂ ಕೋರ್ಟ್ ತನಕ ಹೋಯ್ತು, ಏನೂ ಗಿಟ್ಟಲಿಲ್ಲ. ಅದೇ ಎಲೆಕ್ಷನಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಎದುರು ಲಕ್ಷಕ್ಕೂ ಜಾಸ್ತಿ ವೋಟಿಂದ ಸೋತ ರಾಜ್ ನಾರಾಯಣ್ ಅಲಹಾಬಾದ್ ಹೈಕೋರ್ಟಿಗೆ ಹೋದ್ರು. ಅವರು ಹಾಕಿದ್ದ ಆರೋಪಗಳಲ್ಲಿ ಕೊನೆಗೆ ನಿಂತಿದ್ದು ಎರಡೇ, ಸರ್ಕಾರಿ ನೌಕರಿ ಇನ್ನೂ ಬಿಡದ ಯಶ್‌ಪಾಲ್ ಕಪೂರ್ ಅವರನ್ನ ಚುನಾವಣೆ ಕೆಲಸಕ್ಕೆ ಬಳಸಿದ್ದು, ಆಮೇಲೆ ಭಾಷಣದ ವೇದಿಕೆ ಮೈಕು ಕರೆಂಟಿಗೆ ಯುಪಿ ಸರ್ಕಾರದ ಅಧಿಕಾರಿಗಳ ಸಹಾಯ ತಗೊಂಡಿದ್ದು. ಎಷ್ಟು ಚಿಲ್ಲರೆ ವಿಷಯ ನೋಡಿ! ಆದ್ರೆ ತಾರೀಖು ಇತ್ತು, ಕಾಗದ ಇತ್ತು, ಸಾಕ್ಷಿ ಇತ್ತು, 1975ರ ಜೂನ್ 12ಕ್ಕೆ ಜಸ್ಟಿಸ್ ಜಗಮೋಹನ್ ಲಾಲ್ ಸಿನ್ಹಾ ಪ್ರಧಾನಿಯ ಗೆಲುವನ್ನೇ ರದ್ದು ಮಾಡಿದ್ರು. ಆಮೇಲೆ ಎಮರ್ಜೆನ್ಸಿ ಬಂತು, ಕಾನೂನನ್ನೇ ಹಿಂದಿನ ತಾರೀಖಿಂದ ಬದಲಾಯಿಸಿದ್ರು, ಸುಪ್ರೀಂ ಕೋರ್ಟಲ್ಲಿ ಇಂದಿರಾ ಗೆದ್ರು, ಅದೂ ನಿಜ. ಆದ್ರೂ 1977ರಲ್ಲಿ ಅದೇ ರಾಯ್‌ಬರೇಲಿಯಲ್ಲಿ ಅದೇ ರಾಜ್ ನಾರಾಯಣ್ 55 ಸಾವಿರ ವೋಟಿಂದ ಗೆದ್ರು (ಇಂದಿರಾ ಮಾರನೇ ವರ್ಷ ನಮ್ಮ ಚಿಕ್ಕಮಗಳೂರಿಗೆ ಬಂದು ವೀರೇಂದ್ರ ಪಾಟೀಲರನ್ನ ಸೋಲಿಸಿ ವಾಪಸ್ ಹೋದ್ರು, ಸೋತ ಮೇಲೆ ಸುಮ್ನೆ ಕೂರದೇ ಇರೋದು ಅವರಿಗೂ ಗೊತ್ತಿತ್ತು).

ಈಗ ಡೆಡ್‌ಲೈನ್ ವಿಷಯ, ಇದು ಗೊತ್ತಿಲ್ದೇ ಎಷ್ಟೋ ಜನ ಕೆಡ್ತಾರೆ. ನಮ್ಮ ಸಂವಿಧಾನದ 329ನೇ ವಿಧಿ ಪ್ರಕಾರ ಮುಗಿದ ಎಲೆಕ್ಷನನ್ನ ಪ್ರಶ್ನೆ ಮಾಡೋಕೆ ಇರೋ ದಾರಿ ಎಲೆಕ್ಷನ್ ಪಿಟಿಷನ್ ಒಂದೇ, ಅದನ್ನ ಹೈಕೋರ್ಟಲ್ಲಿ ಹಾಕಬೇಕು, ರಿಸಲ್ಟ್ ಬಂದು 45 ದಿನದೊಳಗೆ ಹಾಕಬೇಕು. 2024ರದ್ದಕ್ಕೆ ಲೆಕ್ಕ ಹಾಕಿ, ಜುಲೈ 19ಕ್ಕೆ ಬಾಗಿಲು ಮುಚ್ಚಿತು, ಮಹದೇವಪುರದ ಲೆಕ್ಕ ಹೊರಗೆ ಬಂದಿದ್ದು ಅದಾಗಿ ವರ್ಷದ ಮೇಲೆ. ಮತ್ತೆ ಪಿಟಿಷನ್ ಹಾಕೋಕೆ ಕ್ಯಾಂಡಿಡೇಟೇ ಆಗಬೇಕು ಅಂತಿಲ್ಲ, ಆ ಕ್ಷೇತ್ರದ ಯಾವ ವೋಟರ್ ಬೇಕಾದ್ರೂ ಹಾಕಬಹುದು, ಠೇವಣಿ ಎರಡು ಸಾವಿರ ರೂಪಾಯಿ. ಲಾಯರ್ ಫೀಸು ಬೇರೆ ಬಿಡಿ. ಇವಿಎಂ ಮೇಲೆ ಡೌಟಿದ್ರೆ ಇನ್ನೂ ಕಡಿಮೆ ಟೈಮು, 2024ರ ಏಪ್ರಿಲ್ 26ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಎರಡನೇ ಮೂರನೇ ಸ್ಥಾನ ಬಂದವರು ಒಂದೊಂದು ವಿಧಾನಸಭಾ ಕ್ಷೇತ್ರದ 5% ಮೆಷಿನ್ ಚೆಕ್ ಮಾಡ್ಸಬಹುದು, ಏಳು ದಿನದೊಳಗೆ ಬರೆದು ಕೊಟ್ಟು ದುಡ್ಡು ಕಟ್ಟಬೇಕು, ಮೆಷಿನ್ ತಿರುಚಿರೋದು ಸಾಬೀತಾದ್ರೆ ದುಡ್ಡು ವಾಪಸ್. ಬೂತಿನ ಸಿಸಿಟಿವಿ ವಿಡಿಯೋನೂ ಈಗ 45 ದಿನ ಆದ್ಮೇಲೆ ಇಟ್ಕೊಳ್ಳಲೇಬೇಕು ಅಂತಿಲ್ಲ, 2025ರ ಮೇ ತಿಂಗಳಲ್ಲಿ ಕಮಿಷನ್ ಹಾಗೆ ಮಾಡಿದೆ, ನನ್ನ ಪ್ರಕಾರ ಅದು ತಪ್ಪು ನಿರ್ಧಾರ, ಆದ್ರೆ ರೂಲ್ ಇರೋದು ಹಾಗೆ. ಅಂದ್ರೆ ಸೋತ ವಾರದಲ್ಲಿ ಅಳೋಕೆ ಟೈಮಿಲ್ಲ, ಆ ವಾರದಲ್ಲೇ ನಿಮ್ಮ ಕ್ಯಾಂಡಿಡೇಟ್ ಆಫೀಸಿಗೆ ಹೋಗಿ ಯಾವ್ಯಾವ ಬೂತಲ್ಲಿ ಏನೇನು ಕಂಡ್ರಿ ಅಂತ ಬರೆದು ಸಹಿ ಹಾಕಿ ಕೊಟ್ಟು ಬನ್ನಿ.

ಕೋರ್ಟಿಗೆ ಹೋದ್ರೂ ತಾಳ್ಮೆ ಬೇಕು. ಕಾನೂನಲ್ಲಿ ಆರು ತಿಂಗಳಲ್ಲಿ ಮುಗಿಸೋ ಪ್ರಯತ್ನ ಮಾಡಿ ಅಂತಿದೆ, ನಡೆಯೋದು ಬೇರೆ. ಮಾಲೂರಲ್ಲಿ 2023ರ ವಿಧಾನಸಭೆ ಎಲೆಕ್ಷನಲ್ಲಿ ಕಾಂಗ್ರೆಸ್ಸಿನ ನಂಜೇಗೌಡ್ರು 248 ವೋಟಿಂದ ಗೆದ್ರು, ಬಿಜೆಪಿಯ ಮಂಜುನಾಥ ಗೌಡ್ರು ಕೇಸ್ ಹಾಕಿದ್ರು, ಎಣಿಕೆಯ ವಿಡಿಯೋ ಕೋರ್ಟಿಗೆ ಸಿಗದೇ ಹೋಗಿದ್ದು ಅಲ್ಲಿ ದೊಡ್ಡ ವಿಷಯ ಆಯ್ತು, 2025ರ ಸೆಪ್ಟೆಂಬರಲ್ಲಿ ಹೈಕೋರ್ಟ್ ಗೆಲುವು ರದ್ದು ಮಾಡಿ ಮರುಎಣಿಕೆ ಮಾಡಿ ಅಂತು, ಆಮೇಲೆ ಸುಪ್ರೀಂ ಕೋರ್ಟ್ ರದ್ದತಿಗೆ ತಡೆ ಕೊಟ್ಟು ಮರುಎಣಿಕೆ ಮಾತ್ರ ನಡೀಲಿ ಅಂತು. ನೋಡಿ, ಎರಡು ವರ್ಷಕ್ಕೂ ಜಾಸ್ತಿ.

ಅದಕ್ಕೇ ನಾನು ಹೇಳೋದು ಸೋತ ಮೇಲಿನ ಜಗಳಕ್ಕಿಂತ ಮುಂದಿನ ಎಲೆಕ್ಷನ್ ಮುಂಚಿನ ವೋಟರ್ ಲಿಸ್ಟ್ ಕೆಲಸಕ್ಕೆ ಹತ್ತು ಪಟ್ಟು ಬೆಲೆ ಇದೆ. ಕಲಬುರಗಿ ಜಿಲ್ಲೆ ಆಳಂದ ನೋಡಿ. 2023ರ ವಿಧಾನಸಭೆ ಎಲೆಕ್ಷನ್‌ಗೆ ಮುಂಚೆ ಅಲ್ಲಿ 6,018 ಹೆಸರು ತೆಗೀರಿ ಅಂತ ಆನ್‌ಲೈನಲ್ಲಿ ಅರ್ಜಿ ಬಿದ್ದಿತ್ತು, ಪರಿಶೀಲನೆ ಮಾಡಿದ್ರೆ ಸರಿ ಇದ್ದಿದ್ದು ಬರೀ 24, ಉಳಿದ 5,994 ತಪ್ಪು ಅರ್ಜಿ ಅಂತ ಕಮಿಷನ್ನೇ ಹೇಳ್ತು. ಮುಂಚೆನೇ ಗೊತ್ತಾಗಿ ದೂರು ಹೋಗಿದ್ದಕ್ಕೆ ಅಷ್ಟೂ ಹೆಸರು ಲಿಸ್ಟಲ್ಲಿ ಉಳೀತು, 2023ರ ಫೆಬ್ರವರಿಯಲ್ಲಿ ಕೇಸೂ ಆಯ್ತು. ಯಾರು ಮಾಡಿದ್ರು ಅನ್ನೋ ಗಲಾಟೆ 2025ರಲ್ಲೂ ನಡೀತಿತ್ತು, ಸರ್ಕಾರ ಎಸ್‌ಐಟಿ (ವಿಶೇಷ ತನಿಖಾ ತಂಡ) ಮಾಡ್ತು, ಅದೆಲ್ಲ ಇರ್ಲಿ, ವೋಟು ಉಳೀತಲ್ಲ. ಮಹದೇವಪುರಕ್ಕೂ ಆಳಂದಕ್ಕೂ ಇರೋ ವ್ಯತ್ಯಾಸ ಇದೇ, ಒಂದು ಕಡೆ ಲಿಸ್ಟ್ ನೋಡಿದ್ದು ಎಲೆಕ್ಷನ್ ಆದ್ಮೇಲೆ, ಇನ್ನೊಂದು ಕಡೆ ಮುಂಚೆ.

ಹೇಗೆ ಮಾಡೋದು ಅಂದ್ರೆ, ಇಡೀ ಕ್ಷೇತ್ರ ತಲೆ ಮೇಲೆ ಹೊತ್ಕೋಬೇಡಿ, ನಿಮ್ಮ ಬೂತ್ ಒಂದೇ ಸಾಕು. ರಾಜ್ಯದ ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟಲ್ಲಿ ಭಾಗ ಸಂಖ್ಯೆ ಹಾಕಿದ್ರೆ ಆ ಬೂತಿನ ವೋಟರ್ ಲಿಸ್ಟ್ ಪಿಡಿಎಫ್ ಸಿಗುತ್ತೆ, ಹೆಸರು ಹೊಡೆದು ಸರ್ಚ್ ಮಾಡೋಕೆ ಬರಲ್ಲ, ಫೋಟೋ ಥರ ಇರುತ್ತೆ (ಸರ್ಚ್ ಆಗೋ ಥರ ಕೊಡಿ ಅಂತ ಕೇಳಿದವರಿಗೆ 2018ರಲ್ಲಿ ಸುಪ್ರೀಂ ಕೋರ್ಟಲ್ಲೂ ಸಿಗಲಿಲ್ಲ), ಹಾಗಾಗಿ ಪ್ರಿಂಟ್ ತೆಗೆಸ್ಕೊಳ್ಳಿ. ಒಂದು ಬೂತಲ್ಲಿ ಸಾವಿರದ ಆಸುಪಾಸು ಹೆಸರು ಇರುತ್ತೆ, ಇಬ್ರೋ ಮೂವರೋ ಸೇರಿ ಬೀದಿ ಬೀದಿ ನಡೆದು ಟಿಕ್ ಹಾಕೋದು. ತೀರಿಕೊಂಡವರು, ಮನೆ ಖಾಲಿ ಮಾಡಿದವರು, ಎರಡೆರಡು ಸಲ ಇರೋರು, ಹದಿನೆಂಟು ತುಂಬಿದ್ರೂ ಹೆಸರೇ ಇಲ್ದಿರೋ ಹುಡುಗ್ರು. ನಿಮ್ಮ ಏರಿಯಾದಲ್ಲಿ ಹಾಲಿನ ಬೂತಿನವನಿಗೋ ಅಂಗನವಾಡಿ ಟೀಚರಿಗೋ ಲಿಸ್ಟ್ ತೋರ್ಸಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ. ಎಷ್ಟೋ ಕಡೆ ಅಂಗನವಾಡಿ ಟೀಚರೇ ಬಿಎಲ್‌ಓ (ಬೂತಿನ ವೋಟರ್ ಲಿಸ್ಟ್ ನೋಡ್ಕೊಳ್ಳೋ ಅಧಿಕಾರಿ) ಆಗಿರ್ತಾರೆ, ಪಾಪ ಅವರಿಗೆ ನೂರೆಂಟು ಡ್ಯೂಟಿ, ಜಗಳ ಆಡೋಕೆ ಹೋಗ್ಬೇಡಿ, ಲಿಸ್ಟ್ ಹಿಡ್ಕೊಂಡು ಸಹಾಯಕ್ಕೆ ಬಂದೋರನ್ನ ಅವರು ಬೇಡ ಅನ್ನಲ್ಲ.

ಇಲ್ಲೊಂದು ಎಚ್ಚರಿಕೆ. ಒಂದೇ ಅಡ್ರೆಸ್ಸಲ್ಲಿ ಮೂವತ್ತು ಜನ ಇದಾರೆ, ಮನೆ ನಂಬರ್ ಸೊನ್ನೆ ಅಂತಿದೆ ಅಂದ ತಕ್ಷಣ ಕಳ್ಳ ವೋಟು ಅಂತ ಫೋಟೋ ಹಾಕ್ಬೇಡಿ. ವೈಟ್‌ಫೀಲ್ಡ್ ಮಾರತಹಳ್ಳಿ ಕಡೆ ಪಿಜಿಗಳು, ವಠಾರಗಳು, ಕಟ್ಟಡ ಕೆಲಸದವರ ಶೆಡ್ಡುಗಳು, ನಂಬರೇ ಇಲ್ಲದ ರೆವಿನ್ಯೂ ಸೈಟ್ ಮನೆಗಳು ಎಲ್ಲಾ ಇವೆ, ವರ್ಷ ವರ್ಷ ಮನೆ ಬದಲಾಯಿಸೋ ಐಟಿಯವರು ಹಳೇ ಹೆಸರು ತೆಗೆಸೋಕೆ ಹೋಗಲ್ಲ, ಅದು ಸೋಮಾರಿತನ, ಮೋಸ ಆಗಬೇಕಿಲ್ಲ. ಮೋಸವೂ ಇರಬಹುದು. ಬಾಗಿಲು ತಟ್ಟಿ ಕೇಳದೆ ಎರಡರಲ್ಲಿ ಯಾವುದು ಅಂತ ಗೊತ್ತಾಗಲ್ಲ. ಕೇಳಿ ಗ್ಯಾರಂಟಿ ಆದ್ಮೇಲೆ ಹೊಸ ಹೆಸರಿಗೆ ಫಾರಂ 6, ತೆಗೆಸೋಕೆ ಫಾರಂ 7, ಅಡ್ರೆಸ್ ಬದಲಾವಣೆ ತಿದ್ದುಪಡಿಗೆ ಫಾರಂ 8. ಎದುರು ಪಾರ್ಟಿ ವೋಟರು ಅಂತ ಗೊತ್ತಿರೋರ ಮೇಲೆಲ್ಲ ಫಾರಂ 7 ಒಗೆಯೋ ಐಡಿಯಾ ಯಾರಾದ್ರೂ ಕೊಟ್ರೆ ಆಳಂದ ನೆನಪಿಸಿ, ಸುಳ್ಳು ಹೇಳಿಕೆ ಕೊಟ್ರೆ ಒಂದು ವರ್ಷದವರೆಗೆ ಜೈಲಿದೆ. ನಿಮ್ಮ ಅರ್ಜಿ ತಿರಸ್ಕಾರ ಆದ್ರೆ ಡಿಸಿ ಹತ್ರ ಅಪೀಲು, ಅಲ್ಲೂ ಆಗದಿದ್ರೆ ಮುಖ್ಯ ಚುನಾವಣಾಧಿಕಾರಿ ಹತ್ರ. ಈ ಅಪೀಲು ಹಾಕಿಟ್ಟಿದ್ರೆ ನಾಳೆ ಯಾರೂ ನಿಮ್ಮನ್ನ ಆಗ ಯಾಕೆ ಸುಮ್ನಿದ್ರಿ ಅಂತ ಕೇಳಕ್ಕಾಗಲ್ಲ, ಸ್ವೀಕೃತಿ ಚೀಟಿ ಜೋಪಾನ.

ಲಿಸ್ಟಿನ ಕೆಲಸ ಕೆಲಸಕ್ಕೆ ಬರಲ್ಲ ಅನ್ನೋರಿಗೆ ಬಿಹಾರ ತೋರಿಸಿ. 2025ರಲ್ಲಿ ಅಲ್ಲಿ ವಿಶೇಷ ಪರಿಷ್ಕರಣೆ ಅಂತ ಮಾಡಿ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ರು, ಜನ ಕೋರ್ಟಿಗೆ ಹೋದ್ರು, ಆಗಸ್ಟ್ 14ಕ್ಕೆ ಸುಪ್ರೀಂ ಕೋರ್ಟ್ ಆ 65 ಲಕ್ಷ ಹೆಸರನ್ನ ಕಾರಣ ಸಮೇತ ಪ್ರಕಟ ಮಾಡಿ ಅಂತ ಹೇಳ್ತು, ಆಮೇಲೆ ಆಧಾರನ್ನೂ ದಾಖಲೆ ಅಂತ ತಗೊಳ್ಳಿ ಅಂತು. ಇಷ್ಟೆಲ್ಲ ಆಗಿದ್ದು ವೋಟಿಂಗ್‌ಗೆ ಮುಂಚೆ.

ವೋಟಿಂಗ್ ದಿನಕ್ಕೆ ಬರೋಣ. ಟಿವಿ ಮುಂದೆ ಕೂತು ಎಕ್ಸಿಟ್ ಪೋಲ್ ನೋಡೋ ಬದಲು ಬೂತ್ ಏಜೆಂಟ್ ಆಗಿ. ಕ್ಯಾಂಡಿಡೇಟ್ ಕಡೆಯಿಂದ ಸಹಿ ಆದ ಫಾರಂ 10 ಬೇಕು, ಸಣ್ಣ ಪಕ್ಷಗಳಿಗಂತೂ ಏಜೆಂಟ್ ಸಿಗೋದೇ ಕಷ್ಟ, ಕೇಳಿದ್ರೆ ಕೈ ಮುಗಿದು ಕೊಡ್ತಾರೆ. ಬೆಳಿಗ್ಗೆ ವೋಟಿಂಗ್ ಶುರುವಾಗೋಕೆ ಒಂದೂವರೆ ಗಂಟೆ ಮುಂಚೆ ಮಾಕ್ ಪೋಲ್ ಇರುತ್ತೆ, ಕಮ್ಮಿ ಅಂದ್ರೂ 50 ವೋಟು ಒತ್ತಿ ನೋಡ್ತಾರೆ, ಆಮೇಲೆ ಅದನ್ನ ಅಳಿಸಿದ್ರಾ ಅಂತ ಕಣ್ಣಾರೆ ನೋಡಿ. ಸಂಜೆ ಹೊರಡೋ ಆತುರ ಬೇಡ, 17ಸಿ ಫಾರಂ ಕಾಪಿ ಕೈಗೆ ಬರೋವರೆಗೆ ಕದಲಬೇಡಿ. ಆ ಬೂತಲ್ಲಿ ಒಟ್ಟು ಎಷ್ಟು ವೋಟು ಬಿತ್ತು, ಕಂಟ್ರೋಲ್ ಯೂನಿಟ್ ನಂಬರ್ ಏನು, ಸೀಲ್ ನಂಬರ್ ಏನು ಎಲ್ಲಾ ಅದ್ರಲ್ಲಿರುತ್ತೆ. ಎಣಿಕೆ ದಿನ ನಿಮ್ಮ ಕಡೆಯ ಕೌಂಟಿಂಗ್ ಏಜೆಂಟು ಈ ಕಾಪಿ ಇಟ್ಕೊಂಡು ಮೆಷಿನಲ್ಲಿ ಬರೋ ಟೋಟಲ್ ಜೊತೆ ತಾಳೆ ನೋಡ್ಬೇಕು, ಒಂದು ವೋಟು ವ್ಯತ್ಯಾಸ ಬಂದ್ರೂ ಅಲ್ಲೇ ಆ ಟೇಬಲಲ್ಲೇ ಬರೆದು ಕೊಡ್ಬೇಕು. ಪಾರ್ಟಿಗಳು ಎಲೆಕ್ಷನ್ ಮುಗಿದ ಮೇಲೆ 17ಸಿ ಎಲ್ರಪ್ಪಾ ಅಂತ ಹುಡುಕ್ತಾವಲ್ಲ, ಅದು ಎಷ್ಟೋ ಏಜೆಂಟ್‌ಗಳ ಜೇಬಲ್ಲಿ ಮಡಚಿಟ್ಟಲ್ಲೇ ಇದ್ದು ಬಟ್ಟೆ ಜೊತೆ ಒಗೆಯೋಕೆ ಹೋಗಿರುತ್ತೆ. ಕಾಪಿ ಸಿಕ್ಕ ತಕ್ಷಣ ಫೋಟೋ ಹೊಡೆದು ಕಳಿಸೋ ಅಭ್ಯಾಸ ಮಾಡ್ಸಿ. ಒಂದು ಬೂತಿಂದ ಏನಾಗುತ್ತೆ ಅಂತೀರಾ, 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಸೋತಿದ್ದು ಒಂದೇ ಒಂದು ವೋಟಿಂದ, 2023ರಲ್ಲಿ ಜಯನಗರದ ಅಂತರ 16.

ಇನ್ನು ಲೋಕಸಭೆ ಸೋಲಿನ ಬೇಜಾರಲ್ಲಿ ಊರ ಕಡೆ ನೋಡೋದು ಬಿಡಬೇಡಿ. 1984ರ ಡಿಸೆಂಬರಲ್ಲಿ ಕರ್ನಾಟಕದ 28ರಲ್ಲಿ 24 ಲೋಕಸಭಾ ಸೀಟು ಕಾಂಗ್ರೆಸ್ಸಿಗೆ ಹೋಯ್ತು, ಜನತಾ ಪಕ್ಷಕ್ಕೆ ನಾಲ್ಕು, ಆ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದ್ರು, ಮೂರು ತಿಂಗಳಿಗೆ ಅದೇ ಜನ ವಿಧಾನಸಭೇಲಿ 139 ಸೀಟು ಕೊಟ್ರು. ಜನ ಮೇಲಿನ ಎಲೆಕ್ಷನ್ ಒಂಥರಾ ಕೆಳಗಿನದ್ದು ಒಂಥರಾ ನೋಡ್ತಾರೆ. ನಮ್ಮಲ್ಲಿ ಕೆಳಗಿನ ಎಲೆಕ್ಷನ್ನೇ ಮಾಡದೆ ಎಳೆಯೋದು ಇನ್ನೊಂದು ರೋಗ, ಬೆಂಗಳೂರಿನ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಲ್ಲಿ ಮುಗೀತು, ಜಿಲ್ಲಾ ತಾಲೂಕು ಪಂಚಾಯ್ತಿದು 2021ರಲ್ಲಿ, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ದರ್ಬಾರು, ಯಾವ ಪಕ್ಷದ ಸರ್ಕಾರ ಬಂದ್ರೂ ಅಷ್ಟೇ. ವೋಟು ಕದ್ರು ಅಂತ ಕೂಗೋರು ವೋಟೇ ಹಾಕೋಕೆ ಬಿಡದೇ ಇರೋದರ ಬಗ್ಗೆ ಯಾಕೆ ಸುಮ್ನಿದಾರೆ ಅಂತ ನಿಮ್ಮ ಎಂಎಲ್‌ಎ ಸಿಕ್ಕಾಗ ಕೇಳಿ, ನಿಮ್ಮ ಪಕ್ಷದವರಾದ್ರೆ ಇನ್ನೂ ಜೋರಾಗಿ ಕೇಳಿ. ಹಳ್ಳಿಯಲ್ಲಿರೋರಿಗೆ ಗ್ರಾಮಸಭೆ ಇದೆ, ಆರು ತಿಂಗಳಿಗೆ ಒಂದಾದ್ರೂ ಆಗಬೇಕು ಅಂತ ಕಾನೂನೇ ಇದೆ, ಆಗಿಲ್ಲ ಅಂದ್ರೆ ಹತ್ತು ರೂಪಾಯಿ ಆರ್‌ಟಿಐ ಅರ್ಜಿ ಹಾಕಿ ನಡಾವಳಿ ಪುಸ್ತಕದ ನಕಲು ಕೇಳಿ, ಮೂವತ್ತು ದಿನದಲ್ಲಿ ಉತ್ತರ ಕೊಡ್ಬೇಕು. ನಡೆಯದ ಸಭೆಗೆ ಬರೆದ ನಡಾವಳಿ ನೋಡೋ ಮಜಾನೇ ಬೇರೆ.

ದುಬೈ ಅಮೆರಿಕದಲ್ಲಿ ಕೂತು ಉದ್ದುದ್ದ ಪೋಸ್ಟ್ ಬರೆಯೋ ನಮ್ಮವರಿಗೂ ಒಂದು ಮಾತು. ಇಂಡಿಯನ್ ಪಾಸ್‌ಪೋರ್ಟ್ ಇದ್ದು ಬೇರೆ ದೇಶದ ಪೌರತ್ವ ತಗೊಂಡಿಲ್ಲ ಅಂದ್ರೆ ಫಾರಂ 6ಎ ಹಾಕಿ ಊರಿನ ಅಡ್ರೆಸ್ಸಲ್ಲೇ ಹೆಸರು ಸೇರಿಸಬಹುದು, ವೋಟು ಹಾಕೋಕೆ ಮಾತ್ರ ಖುದ್ದಾಗಿ ಬರಬೇಕು. ಟಿಕೆಟ್ ದುಬಾರಿ ಅಂದ್ರೆ ಊರಲ್ಲಿರೋ ತಮ್ಮನಿಗೋ ತಂಗಿಗೋ ಆ ಬೂತಿನ ಪಿಡಿಎಫ್ ಡೌನ್‌ಲೋಡ್ ಮಾಡಿ ಕಳಿಸಿ, ಪ್ರಿಂಟ್ ದುಡ್ಡು ನೀವೇ ಹಾಕಿ. ಹೆಸರು ಸೇರಿಸೋಕೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಇದೆ, ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಮನೇಲಿ ಹದಿನೆಂಟು ತುಂಬೋ ಮಕ್ಕಳಿದ್ರೆ ಮುಂದಿನ ತಾರೀಖು ಯಾವುದು ಅಂತ ಈಗ್ಲೇ ಕ್ಯಾಲೆಂಡರಲ್ಲಿ ಗುರುತು ಹಾಕಿಡಿ.