ಒಂದು ತೂತಿಗೆ ಒಂದು ಲೆಕ್ಕ

ನಗರದ ಶವಾಗಾರದಲ್ಲಿ ಕೆಲಸ ಮಾಡುತ್ತಿದ್ದಾಗ, ಗುಂಡೇಟಿನಿಂದ ಸತ್ತವರ ಹಳೇ ವರದಿಗಳನ್ನೆಲ್ಲ ಒಟ್ಟಿಗೆ ಓದಿ ಅಧ್ಯಯನ ಮಾಡೋಣ ಅಂತ ಹೊರಟೆ. ಯಾರು ಸತ್ತರು, ಗುಂಡು ಎಲ್ಲಿ ಬಿತ್ತು, ಎಷ್ಟು ದೂರದಿಂದ ಬಂತು, ಕೊಲೆಯೋ ಆತ್ಮಹತ್ಯೆಯೋ ಆಕಸ್ಮಿಕವೋ. ಪ್ರಶ್ನೆಗಳು ಇಷ್ಟೇ. ಒಂದು ಫಾರ್ಮ್ ಮಾಡಿಕೊಂಡು ತುಂಬಿಸುತ್ತಾ ಹೋದರೆ ಮುಗಿಯಿತು ಅಂದುಕೊಂಡಿದ್ದೆ.

ಯಾರನ್ನು ಎಣಿಸಬೇಕು ಅನ್ನುವಲ್ಲೇ ಮೊದಲು ತಡವರಿಸಿದೆ. ಊರಾಚೆ ಗುಂಡು ತಗುಲಿ, ನಗರದ ಆಸ್ಪತ್ರೆಯಲ್ಲಿ ಸತ್ತವರು ನಮ್ಮ ನಗರದ ಲೆಕ್ಕಕ್ಕೆ ಬರುತ್ತಾರಾ? ಗುಂಡು ತಗುಲಿದ ಜಾಗವನ್ನೇ ಹಿಡಿಯೋಣ ಎಂದು ತೀರ್ಮಾನಿಸಿದೆ. ಹೀಗೆ ಕೆಲವು ಹೆಸರು ಬಿಟ್ಟುಹೋದವು. ಇನ್ನು ವಾರಗಟ್ಟಲೆ ಹಾಸಿಗೆ ಹಿಡಿದು ಸತ್ತವರು. ಅವರ ಸಾವಿನ ಕಾರಣ ನ್ಯುಮೋನಿಯಾ, ಸೋಂಕು ಎಂದಿರುತ್ತದೆ. ಮೂಲ ಕಾರಣ ಗುಂಡು. ರಿಜಿಸ್ಟರಿನಲ್ಲಿ ಸುಮ್ನೆ 'ಗುಂಡು' ಅಂತ ಹುಡುಕಿದರೆ ಅಂಥವರು ಸಿಗುವುದೇ ಇಲ್ಲ. ಬದುಕಿದವರಂತೂ ಶವಾಗಾರಕ್ಕೆ ಬರುವುದೇ ಇಲ್ಲ, ಅಲ್ವಾ? ಹಾಗಾಗಿ ಎಷ್ಟು ಜನಕ್ಕೆ ಗುಂಡು ತಗುಲಿದರೆ ಎಷ್ಟು ಜನ ಸಾಯುತ್ತಾರೆ ಎಂಬ ಮಾತಿಗೆ ನಾನು ಕೈ ಹಾಕಲಿಲ್ಲ.

ಜಾಸ್ತಿ ಸಮಯ ತಿಂದದ್ದು ಗಾಯಗಳು. ಒಳಹೊಕ್ಕ ತೂತು ಚಿಕ್ಕದು, ಹೊರಬಂದದ್ದು ದೊಡ್ಡದು ಎಂಬ ನಂಬಿಕೆ ಎಲ್ಲರಿಗೂ ಇದೆ. ಅದನ್ನು ನಂಬಿ ಕೂತರೆ ಕೆಟ್ಟಿರಿ. ಬಂದೂಕಿನ ಬಾಯಿ ತಲೆಬುರುಡೆಗೆ ಒತ್ತಿಕೊಂಡಿದ್ದರೆ, ಚರ್ಮದಡಿ ನುಗ್ಗಿದ ಅನಿಲ ಒಳಹೊಕ್ಕ ಗಾಯವನ್ನೇ ನಕ್ಷತ್ರದಂತೆ ಸೀಳಿಬಿಡುತ್ತದೆ. ಅಲ್ಲಿ ಮೂಳೆಯನ್ನು ನಂಬುವುದು ವಾಸಿ. ಗುಂಡು ಒಳಹೊಕ್ಕ ಕಡೆ ಬುರುಡೆಯ ಒಳಪದರದಲ್ಲಿ ತೂತು ಅಗಲವಾಗುತ್ತದೆ, ಹೊರಬಂದ ಕಡೆ ಹೊರಪದರದಲ್ಲಿ.

ಒಂದು ವರದಿ ನನ್ನನ್ನು ಮೂರು ದಿನ ಕಾಡಿತು. ಒಳಹೊಕ್ಕ ತೂತು ಎರಡು, ಹೊರಬಂದದ್ದು ಒಂದೂ ಇಲ್ಲ, ಎಕ್ಸ್‌ರೇಯಲ್ಲಿ ಗುಂಡೂ ಇಲ್ಲ. ಒಳಹೋದ ಪ್ರತಿ ಗುಂಡಿಗೂ ಒಂದು ಹೊರದಾರಿ ಇರಬೇಕು, ಇಲ್ಲವೇ ಗುಂಡು ದೇಹದಲ್ಲೇ ಇರಬೇಕು. ಅಪರೂಪಕ್ಕೆ ಸಣ್ಣ ಗುಂಡು ರಕ್ತನಾಳ ಸೇರಿ, ಎದೆಗೆ ಬಿದ್ದದ್ದು ಕಾಲಿನಲ್ಲಿ ಸಿಗುವುದುಂಟು. ಹಾಗಾಗಿ ಎಕ್ಸ್‌ರೇ ಪೂರ್ತಿ ದೇಹಕ್ಕೆ ತೆಗೆದದ್ದೋ ಎಂದು ನೋಡಿದೆ. ಪೂರ್ತಿಯೇ ಇತ್ತು. ಕೊನೆಗೆ ಕಡತದಲ್ಲಿದ್ದ ಹಳೇ ಫೋಟೋ ನೋಡಿದರೆ ಬೆನ್ನಿನ ತೂತಿನ ಸುತ್ತ ಅಗಲವಾಗಿ, ಒರಟಾಗಿ ತರಚಿತ್ತು. ಸ್ಥಳದ ಮಹಜರಿನಲ್ಲಿ ಸತ್ತವರು ಗೋಡೆಗೆ ಒರಗಿ ಕೂತಿದ್ದ ವಿವರವೂ ಸಿಕ್ಕಿತು. ಹೊರಬರುವ ಗುಂಡು ಚರ್ಮವನ್ನು ಗೋಡೆಗೆ ಒತ್ತಿ ಉಜ್ಜಿದಾಗ ಹೀಗಾಗುತ್ತದೆ. ಆ ತರಚು ಒಳಹೊಕ್ಕ ಗಾಯದ ಅಂಚಿನಂತೆ ಕಾಣುತ್ತದೆ. ಎರಡು ಗುಂಡಲ್ಲ, ಒಂದೇ. ಆ ಮೊದಲ ವರದಿ ಬರೆದವನು ನಾನೇ ಎಂದು ಸಹಿ ನೋಡಿದ ಮೇಲೆ ತಿಳಿಯಿತು.

ದೂರದ ವಿಷಯದಲ್ಲಂತೂ ಸೋತೆ. ಬಂದೂಕಿನ ಹೊಗೆ ಗಾಯದ ಸುತ್ತ ಬಿಟ್ಟ ಮಸಿಯನ್ನು ಒರೆಸಿದರೆ ಹೋಗುತ್ತದೆ, ಉರಿಯದ ಮದ್ದಿನ ಕಣಗಳು ಚರ್ಮಕ್ಕೆ ಚುಚ್ಚಿ ಮಾಡಿದ ಚುಕ್ಕೆಗಳು ಹೋಗುವುದಿಲ್ಲ. ಮಸಿ ಕಂಡರೆ ತೀರ ಹತ್ತಿರ, ಬರೀ ಚುಕ್ಕೆ ಕಂಡರೆ ಇನ್ನೊಂದಿಷ್ಟು ದೂರ. ಅಳತೆ ಬೇಕೆಂದರೆ ಅದೇ ಬಂದೂಕು, ಅದೇ ಬಗೆಯ ತೋಟಾ ಬಳಸಿ ಪರೀಕ್ಷೆಗೆ ಹಾರಿಸಬೇಕು. ಮಸಿ, ಚುಕ್ಕೆ ಎರಡೂ ಇಲ್ಲದಿದ್ದರೆ ದೂರದ ಏಟು ಅನ್ನಬಹುದಾ? ಮೈಮೇಲಿನ ಬಟ್ಟೆ ಎರಡನ್ನೂ ತಡೆದಿರಬಹುದು. ಆ ಬಟ್ಟೆಯನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ಎಸೆದಿರುತ್ತಾರೆ, ಜೀವ ಉಳಿಸುವ ಅವಸರ, ತಪ್ಪು ಹೇಳುವಂತಿಲ್ಲ. ಕೆಲವೊಮ್ಮೆ ಚಿಕಿತ್ಸೆಗೆಂದು ಎದೆಯೊಳಗೆ ಕೊಳವೆ ಹಾಕಲು ಗುಂಡಿನ ತೂತನ್ನೇ ಬಳಸಿರುತ್ತಾರೆ. ಆಮೇಲೆ ಗಾಯದ ಮೂಲ ರೂಪ ಎಲ್ಲಿ ಉಳಿಯಬೇಕು?

ಕೊಲೆ, ಆತ್ಮಹತ್ಯೆ ಎಂಬ ವಿಂಗಡಣೆಯನ್ನು ತನಿಖೆಯ ದಾಖಲೆ ನೋಡದೆ ಮಾಡಲಿಲ್ಲ. ಸಂಶಯವಿದ್ದರೆ 'ನಿರ್ಧಾರವಾಗಿಲ್ಲ' ಎಂದೇ ಬರೆದೆ.

ಫಾರ್ಮಿನ ದೂರದ ಕಾಲಮ್ಮಿನಲ್ಲಿ 'ತಿಳಿದಿಲ್ಲ' ಎಂಬುದೇ ತುಂಬಿಹೋಯಿತು. ಅದನ್ನು ತೆಗೆದುಬಿಡು, ಚೆನ್ನಾಗಿ ಕಾಣಲ್ಲ ಎಂದರು ಒಬ್ಬ ಸಹೋದ್ಯೋಗಿ. ಹಾಗೇ ಇಟ್ಟೆ. ಈಗ ಪೋಸ್ಟ್‌ಮಾರ್ಟಮ್ ಮಾಡುವಾಗ ನನ್ನ ವರದಿಯಲ್ಲಿ ಮೂರು ಸಾಲು ತಪ್ಪದೆ ಇರುತ್ತವೆ: ಮಸಿ ಇದೆಯೋ ಇಲ್ಲವೋ, ಚುಕ್ಕೆ ಇದೆಯೋ ಇಲ್ಲವೋ, ಬಟ್ಟೆ ನೋಡಿದ್ದೇನೋ ಇಲ್ಲವೋ.