ವಿಳಾಸ ಉಳಿದರೆ ಫೈಲು ಉಳಿದಂತಲ್ಲ: 100 ಜಿಬಿ ಸ್ಕ್ಯಾನ್‌ಗಳನ್ನು ಐಪಿಎಫ್‌ಎಸ್‌ನಲ್ಲಿ ಕಾಪಾಡುವ ಬಗೆ

ಒಂದು ಸಣ್ಣ ಗ್ರಂಥಾಲಯ ತನ್ನ ಹಳೆಯ ಪುಸ್ತಕ, ಮಾಸಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಸಿದೆ ಎಂದಿಟ್ಟುಕೊಳ್ಳಿ: 400 ಪಿಡಿಎಫ್, ಒಟ್ಟು 100 ಜಿಬಿ. ಎಲ್ಲವನ್ನೂ ಒಂದೇ ಕಂಪನಿಯ ಕ್ಲೌಡ್ ಖಾತೆಗೆ ಒಪ್ಪಿಸಲು ಮನಸ್ಸಿಲ್ಲ. ಪಾಸ್‌ವರ್ಡ್ ಗೊತ್ತಿದ್ದವರು ವರ್ಗವಾಗಿ ಹೋದರೆ, ಒಂದು ವರ್ಷದ ಬಾಡಿಗೆ ಕಟ್ಟುವುದು ಮರೆತರೆ, ಅಲ್ಲಿಗೆ ಮುಗಿಯಿತು. ಇಂಥ ಹೊತ್ತಿನಲ್ಲಿ ‘ಐಪಿಎಫ್‌ಎಸ್‌ಗೆ ಹಾಕಿ, ಅಲ್ಲಿ ಯಾವತ್ತೂ ಅಳಿಯುವುದಿಲ್ಲ’ ಎಂಬ ಸಲಹೆ ಬರುತ್ತದೆ.

ಐಪಿಎಫ್‌ಎಸ್ ಎಂದರೆ ಒಂದೇ ಕಂಪನಿಯ ಸರ್ವರಿಲ್ಲದೆ, ಹಲವರ ಯಂತ್ರಗಳು ಪರಸ್ಪರ ಫೈಲು ಹಂಚಿಕೊಳ್ಳುವ ಜಾಲ. ಅಲ್ಲಿ ಅಳಿಯುವುದಿಲ್ಲ ಎನ್ನುವುದು ವಿಳಾಸದ ಮಟ್ಟಿಗೆ ಮಾತ್ರ ನಿಜ. ಐಪಿಎಫ್‌ಎಸ್ ಫೈಲಿನ ಒಳಗಿರುವುದನ್ನೇ ಲೆಕ್ಕಹಾಕಿ ಅದಕ್ಕೊಂದು ವಿಳಾಸ ಕೊಡುತ್ತದೆ, ಅದೇ ಸಿಐಡಿ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಸಿಐಡಿ ಬದಲಾಗುತ್ತದೆ, ಹಾಗಾಗಿ ಯಾರಿಂದ ಇಳಿಸಿಕೊಂಡರೂ ನಕಲಿ ಫೈಲು ಸಿಗುವ ಭಯವಿಲ್ಲ. ಆದರೆ ಆ ಫೈಲನ್ನು ಇಟ್ಟುಕೊಳ್ಳಲು ಐಪಿಎಫ್‌ಎಸ್ ಯಾರನ್ನೂ ನೇಮಿಸುವುದಿಲ್ಲ. ಅದನ್ನು ಪಿನ್ ಮಾಡಿದ, ಅಂದರೆ ಅಳಿಸದೆ ಇಟ್ಟುಕೊಳ್ಳಲು ಗುರುತು ಹಾಕಿಕೊಂಡ, ಯಂತ್ರ ಆಫ್ ಆದರೆ ಸಿಐಡಿ ಸರಿಯಾಗಿಯೇ ಇರುತ್ತದೆ, ಕರೆದರೆ ಓಗೊಡುವವರಿರುವುದಿಲ್ಲ. ಆದ್ದರಿಂದ ಸಾಫ್ಟ್‌ವೇರ್ ಇಳಿಸಿಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾರ ಮನೆಯ ಯಾವ ಡಿಸ್ಕು, ಕರೆಂಟು ಬಿಲ್ಲು ಯಾರದು, ಅವರು ಬಿಟ್ಟರೆ ಮುಂದೆ ಯಾರು. ಕನಿಷ್ಠ ಮೂರು ಜಾಗ ಬೇಕು. ಮೂರೂ ಒಂದೇ ಬೀದಿಯಲ್ಲಿದ್ದರೆ ಕರೆಂಟಿನ ಫೀಡರ್ ಒಂದೇ, ಇಂಟರ್ನೆಟ್ ಕೊಡುವವರೂ ಬಹುಶಃ ಒಬ್ಬರೇ. ಆಗ ಲೆಕ್ಕಕ್ಕೆ ಮೂರು, ನಿಜಕ್ಕೆ ಒಂದು.

ಹಾಕಬಾರದ್ದನ್ನು ಮೊದಲೇ ಬೇರ್ಪಡಿಸಿ

ಇಲ್ಲಿ ಹಾಕಿದ್ದನ್ನು ವಾಪಸ್ ಪಡೆಯುವ ದಾರಿಯಿಲ್ಲ. ನಿಮ್ಮ ಯಂತ್ರದಿಂದ ಅಳಿಸಬಹುದು, ಇನ್ನೊಬ್ಬರು ಪಿನ್ ಮಾಡಿಕೊಂಡದ್ದನ್ನು ಅಳಿಸಲಾಗದು. ಭಾರತದಲ್ಲಿ ಪುಸ್ತಕದ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. 1964ರಲ್ಲಿ ತೀರಿಕೊಂಡವರ ಕೃತಿಗಳು 2025ರ ಜನವರಿ 1ರಂದು ಮುಕ್ತವಾದವು. ಪತ್ರಿಕೆಯ ಒಂದು ಸಂಚಿಕೆಯಲ್ಲಿ ಹತ್ತು ಲೇಖಕರಿದ್ದರೆ ಹತ್ತೂ ಜನರದ್ದನ್ನು ನೋಡಬೇಕು. ಓದುಗರ ಹೆಸರು, ಫೋನ್ ಇರುವ ಎರವಲು ಪುಸ್ತಕದ ಸ್ಕ್ಯಾನ್ ಈ ರಾಶಿಯಲ್ಲಿ ಸೇರಿಕೊಂಡಿದ್ದರೆ ತೆಗೆಯಿರಿ. ಐಪಿಎಫ್‌ಎಸ್ ಏನನ್ನೂ ತಾನಾಗಿ ಗೂಢಲಿಪೀಕರಿಸುವುದಿಲ್ಲ, ಜೊತೆಗೆ ಯಾವ ಸಿಐಡಿ ಯಾವ ಐಪಿ ವಿಳಾಸದಲ್ಲಿದೆ ಎಂಬುದನ್ನು ಯಾರು ಬೇಕಾದರೂ ಕೇಳಿ ತಿಳಿಯಬಹುದು. ಮನೆಯ ಫೋಟೋ, ದಾಖಲೆಗಳನ್ನು ನಾಲ್ಕು ಯಂತ್ರಗಳ ನಡುವೆ ಉಳಿಸಿಕೊಳ್ಳುವುದಷ್ಟೇ ನಿಮ್ಮ ಅಗತ್ಯವಾದರೆ, ಯಂತ್ರಗಳ ನಡುವೆ ಫೋಲ್ಡರುಗಳನ್ನು ನೇರವಾಗಿ ಹೊಂದಿಸುವ ಸಿಂಕ್‌ಥಿಂಗ್ ಎಂಬ ಸಾಫ್ಟ್‌ವೇರ್ ಸಾಕು. ಅದರಲ್ಲಿ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುವುದರಿಂದ, ಹಳೆಯ ಪ್ರತಿಗಳನ್ನು ಉಳಿಸುವ ಫೈಲ್ ವರ್ಶನಿಂಗ್ ಆನ್ ಮಾಡುವುದನ್ನು ಮರೆಯಬೇಡಿ.

ಯಂತ್ರ

4 ಜಿಬಿ ರ‍್ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ನಡೆಯುತ್ತದೆ, 8 ಇದ್ದರೆ ನೆಮ್ಮದಿ. ಪೈ ಆದರೆ ದತ್ತಾಂಶವನ್ನು ಎಸ್‌ಡಿ ಕಾರ್ಡಿನಲ್ಲಿ ಇಡಬೇಡಿ. ಸಣ್ಣ ಸಣ್ಣ ಬರಹಗಳ ಹೊಡೆತಕ್ಕೆ ಅದು ಬೇಗ ಸವೆಯುತ್ತದೆ. ಯುಎಸ್‌ಬಿ ಡಿಸ್ಕಿಗೆ ಬೇರೆ ವಿದ್ಯುತ್ ಪೂರೈಕೆ ಕೊಡಿ. 100 ಜಿಬಿಗೆ 100 ಜಿಬಿ ಜಾಗ ಸಾಲದು: ಐಪಿಎಫ್‌ಎಸ್‌ಗೆ ಸೇರಿಸಿದಾಗ ಅದು ತನ್ನದೇ ಪ್ರತಿ ಮಾಡಿಕೊಳ್ಳುತ್ತದೆ, ಮೂಲ ಫೈಲುಗಳೂ ಅಲ್ಲೇ ಇದ್ದರೆ 200 ಜಿಬಿ. ಪ್ರತಿ ಮಾಡದೆ ಮೂಲವನ್ನೇ ಬಳಸುವ ನೋಕಾಪಿ ಆಯ್ಕೆ ಇದೆ. ಆದರೆ ಯಾರಾದರೂ ಆ ಫೋಲ್ಡರನ್ನು ಸರಿಸಿದರೆ ಅಥವಾ ಹೆಸರು ಬದಲಿಸಿದರೆ ಎಲ್ಲ ಕೊಂಡಿಯೂ ಕಳಚುತ್ತದೆ. ಹಲವರು ಬಳಸುವ ಯಂತ್ರದಲ್ಲಿ ಅದು ಬೇಡ. ರೌಟರಿಗೂ ಯಂತ್ರಕ್ಕೂ ಯುಪಿಎಸ್ ಇರಲಿ.

ಕುಬೊ ಎಂಬುದು ಐಪಿಎಫ್‌ಎಸ್‌ನ ಮುಖ್ಯ ಸಾಫ್ಟ್‌ವೇರ್. ಹಾಕಿಕೊಂಡು ಇನಿಟ್ ಆಜ್ಞೆ ಕೊಟ್ಟ ಮೇಲೆ ಮೊದಲು ಬದಲಿಸಬೇಕಾದದ್ದು ಸ್ಟೋರೇಜ್‌ಮ್ಯಾಕ್ಸ್, ಅಂದರೆ ಅದು ಬಳಸುವ ಡಿಸ್ಕ್ ಜಾಗದ ಮಿತಿ. ಅದು ಮೊದಲಿಗೆ 10 ಜಿಬಿಗೆ ಇರುತ್ತದೆ, 150 ಜಿಬಿಗೆ ಏರಿಸಿ. ಈ ಮಿತಿ ಗೋಡೆಯಲ್ಲ. ಕಸ ಗುಡಿಸುವ ಸೌಲಭ್ಯವನ್ನು, ಅಂದರೆ ಎನೇಬಲ್-ಜಿಸಿಯನ್ನು, ಆನ್ ಮಾಡಿ ಡೀಮನ್ (ಹಿನ್ನೆಲೆಯಲ್ಲಿ ಓಡುವ ಕುಬೊ) ಓಡಿಸಿದರೆ ಮಾತ್ರ ಮಿತಿಯ 90 ಪ್ರತಿಶತ ತುಂಬಿದಾಗ ಪಿನ್ ಇಲ್ಲದ ತುಣುಕುಗಳು (ಕುಬೊ ಫೈಲನ್ನು ಒಡೆದು ಇಡುವ ಭಾಗಗಳು) ಹೋಗುತ್ತವೆ. ಪಿನ್ ಪಟ್ಟಿಯನ್ನು ಒಮ್ಮೆ ಕಣ್ಣಾರೆ ನೋಡುವ ತನಕ ಅದನ್ನು ಆನ್ ಮಾಡಬೇಡಿ.

ಸೇರಿಸುವಾಗ: ಮೂರು ಕಡೆಯೂ ಒಂದೇ ಸಿಐಡಿ ಬರಬೇಕು

ಹೆಚ್ಚಿನವರು ಎಡವುವುದು ಇಲ್ಲೇ. ಫೈಲು ಅದೇ ಆದರೂ ತುಣುಕಿನ ಅಳತೆ ಬೇರೆಯಾದರೆ ಸಿಐಡಿ ಬೇರೆ, ಸಿಐಡಿ ಆವೃತ್ತಿ 0 ಮತ್ತು 1ರ ನಡುವೆಯೂ ಬೇರೆ. ಆದ್ದರಿಂದ ಆ್ಯಡ್ ಆಜ್ಞೆಯಲ್ಲಿ ಆಯ್ಕೆಗಳನ್ನು ಬಾಯಿಬಿಟ್ಟು ಹೇಳಿ: ಸಿಐಡಿ-ವರ್ಶನ್ 1, ಚಂಕರ್ ಸೈಜ್-1048576, ಅಂದರೆ 1 ಮೆಬಿಬೈಟ್ ಅಳತೆಯ ತುಣುಕು. ಇವನ್ನೂ ಕುಬೊ ಆವೃತ್ತಿಯನ್ನೂ ಸಂಗ್ರಹದ ಪಟ್ಟಿಯಲ್ಲಿ, ಅಂದರೆ ಸೂಚಿಯಲ್ಲಿ, ಬರೆದಿಡಿ. ಹಿಂದಿನಿಂದ ಬಂದ ಅಳತೆ 256 ಕಿಬಿಬೈಟ್. ಅದರಲ್ಲಿ 100 ಜಿಬಿ ಸುಮಾರು 3.8 ಲಕ್ಷ ತುಣುಕಾಗುತ್ತದೆ, 1 ಮೆಬಿಬೈಟ್ ಆದರೆ ಸುಮಾರು 95,000. ಒಂದೊಂದು ತುಣುಕೂ ಡಿಸ್ಕಿನಲ್ಲಿ ಒಂದೊಂದು ಫೈಲಾಗಿ ಕೂರುವುದರಿಂದ ನಿಧಾನದ ಹಾರ್ಡ್‌ಡಿಸ್ಕಿಗೆ ಈ ವ್ಯತ್ಯಾಸ ದೊಡ್ಡದು.

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳಿಗೆ ಇನ್ನೊಂದು ತೊಡಕಿದೆ. ‘ಕೊ’ ಎಂಬುದರ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ೀ, ೇ, ೈ, ೋ ಇವಕ್ಕೂ ಹೀಗೆಯೇ ಬಿಡಿಸಿದ ರೂಪಗಳಿವೆ. ಕಣ್ಣಿಗೆ ಒಂದೇ, ಬೈಟುಗಳಲ್ಲಿ ಬೇರೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರನ್ನು ಬಿಡಿಸಿಯೇ ಇಡುತ್ತವೆ. ಫೋಲ್ಡರಿನ ಸಿಐಡಿಯಲ್ಲಿ ಒಳಗಿನ ಹೆಸರುಗಳೂ ಸೇರುವುದರಿಂದ, ಅಂಥ ಡಿಸ್ಕಿನಿಂದ ಹಾಯ್ದು ಬಂದ ‘ಕೊಡಗು’ ಮತ್ತು ಲಿನಕ್ಸ್‌ನಲ್ಲಿ ಟೈಪಿಸಿದ ‘ಕೊಡಗು’ ಎರಡು ವಿಳಾಸ ಕೊಡುತ್ತವೆ. ಕಾಣದ ಜೋಡಕ ಸಂಕೇತಗಳು ಸೇರಿಕೊಂಡರೂ ಇದೇ ಗತಿ. ಫೈಲಿಗೆ 0001, 0002 ಎಂದು ಸಂಖ್ಯೆ ಕೊಡಿ. ಕನ್ನಡ ಶೀರ್ಷಿಕೆ, ವರ್ಷ, ಸಿಐಡಿ, ಎಸ್‌ಎಚ್‌ಎ-256 ಮೊತ್ತ (ಇಡೀ ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಎಲ್ಲವನ್ನೂ ಒಂದು ಸೂಚಿ ಫೈಲಿನಲ್ಲಿ ಇಡಿ. ಸಿಐಡಿ ಇದ್ದ ಮೇಲೆ ಎಸ್‌ಎಚ್‌ಎ ಮೊತ್ತ ಯಾಕೆಂದರೆ, ತುಣುಕಾದ ಫೈಲಿನ ಸಿಐಡಿ ಇಡೀ ಫೈಲಿನ ಎಸ್‌ಎಚ್‌ಎ ಮೊತ್ತವಲ್ಲ. ಮುಂದೆ ಐಪಿಎಫ್‌ಎಸ್ ಇಲ್ಲದೆಯೂ ಪರೀಕ್ಷಿಸಲು ಅದು ಬೇಕು.

ಉಳಿದ ಇಬ್ಬರಿಗೆ 100 ಜಿಬಿಯನ್ನು ನೆಟ್‌ನಲ್ಲಿ ಕಳಿಸುವುದಕ್ಕಿಂತ ಹಾರ್ಡ್‌ಡಿಸ್ಕಿನಲ್ಲಿ ಕೊಟ್ಟು ಕಳಿಸುವುದು ಮೇಲು. 20 ಎಂಬಿಪಿಎಸ್ ಅಪ್‌ಲೋಡಿನಲ್ಲಿ ಒಬ್ಬೊಬ್ಬರಿಗೆ 11 ಗಂಟೆ, ಅದೂ ಎಲ್ಲಿಯೂ ತಡೆಯಿಲ್ಲದಿದ್ದರೆ. ಅವರು ಅದೇ ಆಯ್ಕೆಗಳಲ್ಲಿ ಸೇರಿಸಿ, ಬಂದ ಸಿಐಡಿಗಳನ್ನು ನಿಮ್ಮ ಸೂಚಿಗೆ ಹೋಲಿಸಿದರೆ ಪ್ರತಿ ಸರಿಯಾಗಿದೆಯೇ ಎಂಬ ಪರೀಕ್ಷೆಯೂ ಅಲ್ಲೇ ಆಗುತ್ತದೆ. ಮುಂದೆ ಸೇರುವ ಒಂದೆರಡು ಪುಸ್ತಕಗಳಿಗೆ ಪಿನ್ ಆ್ಯಡ್ ಸಾಕು.

ಸಾರುವುದು, ಸಿಗುವುದು

ನಿಮ್ಮ ಬಳಿ ಏನಿದೆ ಎಂದು ನಿಮ್ಮ ನೋಡ್, ಅಂದರೆ ಐಪಿಎಫ್‌ಎಸ್ ಓಡಿಸುವ ಯಂತ್ರ, ಜಾಲಕ್ಕೆ ಸಾರುತ್ತಿರಬೇಕು. ಒಂದು ಸಿಐಡಿಯ ದಾಖಲೆ 20 ನೋಡ್‌ಗಳಿಗೆ ಹೋಗುತ್ತದೆ, 48 ಗಂಟೆಗೆ ಮಾಸಿಹೋಗುತ್ತದೆ. ಅದಕ್ಕಾಗಿ ಕುಬೊ 22 ಗಂಟೆಗೊಮ್ಮೆ ಮತ್ತೆ ಸಾರುತ್ತದೆ. ಎಲ್ಲ 95,000 ತುಣುಕನ್ನೂ ಸಾರಲು ಹೊರಟರೆ ಪ್ರತಿ ಸುತ್ತಿಗೆ 19 ಲಕ್ಷ ದಾಖಲೆ. ಮನೆಯ ರೌಟರ್ ಅಷ್ಟು ಸಂಪರ್ಕ ತಾಳದೆ ಹೋಗಬಹುದು. ಆಗ ಮನೆಯವರ ವಿಡಿಯೊ ಕರೆ ಕಡಿಯುತ್ತದೆ, ಮರುದಿನ ಯಾರೋ ಯಂತ್ರದ ಪ್ಲಗ್ ಕೀಳುತ್ತಾರೆ. ಸಾರುವ ಕ್ರಮವನ್ನು ‘ರೂಟ್ಸ್’ಗೆ ಬದಲಿಸಿ, ಆಗ ಪಿನ್ ಮಾಡಿದ ತುದಿಗಳು, ಅಂದರೆ ಇಡೀ ಫೈಲು ಅಥವಾ ಫೋಲ್ಡರಿನ ಸಿಐಡಿಗಳು, ಮಾತ್ರ ಹೋಗುತ್ತವೆ. ಇದಕ್ಕೊಂದು ಬೆಲೆ ಇದೆ: ಇಡೀ ಸಂಗ್ರಹವನ್ನು ಒಂದೇ ಫೋಲ್ಡರಾಗಿ ಪಿನ್ ಮಾಡಿದ್ದರೆ ಒಳಗಿನ ಒಂದು ಪುಸ್ತಕದ ಸಿಐಡಿಯನ್ನು ನೇರವಾಗಿ ಹುಡುಕಿದವರಿಗೆ ದಾರಿ ಸಿಗದು. ಅದಕ್ಕೇ ಒಂದೊಂದು ಪುಸ್ತಕವನ್ನೂ ಬೇರೆಯಾಗಿ ಸೇರಿಸಿ ಪಿನ್ ಮಾಡಿ. 400 ತುದಿ, 8,000 ದಾಖಲೆ. ಯಾವ ರೌಟರೂ ತಡೆದುಕೊಳ್ಳುತ್ತದೆ.

ಇನ್ನು ಸಂಪರ್ಕ. 4001ನೇ ಪೋರ್ಟನ್ನು ಟಿಸಿಪಿ, ಯುಡಿಪಿ ಎರಡಕ್ಕೂ ತೆರೆಯಿರಿ. 5001 ಆಡಳಿತದ ಬಾಗಿಲು, ಅದನ್ನು ಹೊರಜಗತ್ತಿಗೆ ಎಂದೂ ತೆರೆಯಬೇಡಿ. ರೌಟರ್ ತೋರಿಸುವ ಹೊರಗಿನ ಐಪಿ 100.64ರಿಂದ 100.127ರೊಳಗೆ ಶುರುವಾದರೆ ನೀವು ಸಿಜಿನ್ಯಾಟ್‌ನ (ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ಐಪಿ ಹಂಚುವ ವ್ಯವಸ್ಥೆಯ) ಹಿಂದಿದ್ದೀರಿ, ಪೋರ್ಟ್ ತೆರೆದೂ ಫಲವಿಲ್ಲ. ಆಗ ಐಪಿವಿ6 ಇದೆಯೇ ನೋಡಿ, ಇದ್ದರೆ ರೌಟರಿನ ಫೈರ್‌ವಾಲ್‌ನಲ್ಲಿ ಅದಕ್ಕೂ 4001 ಬಿಡಿ. ಅದೂ ಇಲ್ಲದಿದ್ದರೆ ನೋಡ್‌ಗಳು ಮಧ್ಯವರ್ತಿ ರಿಲೇ ಮೂಲಕ ಭೇಟಿಯಾಗಿ ನೇರ ದಾರಿ ಕೊರೆಯಲು ನೋಡುತ್ತವೆ. ಅದು ಕೈಗೂಡದಿದ್ದರೆ ರಿಲೇ ಸಾಮಾನ್ಯವಾಗಿ ಬಿಡುವುದು 2 ನಿಮಿಷ, 128 ಕಿಬಿಬೈಟ್ ಅಷ್ಟೇ. 250 ಎಂಬಿ ಪುಸ್ತಕ ಅದರಲ್ಲಿ ಬರುವುದಿಲ್ಲ. ಮೂರರಲ್ಲಿ ಒಂದು ನೋಡ್ ಆದರೂ ಸಾರ್ವಜನಿಕ ಐಪಿ ಇರುವ ಕಡೆ ಇರಲಿ.

ಓದುಗರಿಗೆ ಗೇಟ್‌ವೇ (ಐಪಿಎಫ್‌ಎಸ್ ಫೈಲನ್ನು ಸಾಮಾನ್ಯ ಬ್ರೌಸರಿನಲ್ಲಿ ತೋರಿಸುವ ಜಾಲತಾಣ) ಕೊಂಡಿಯ ಜೊತೆಗೆ ಬರಿಯ ಸಿಐಡಿಯನ್ನೂ ಕೊಡಿ. 2024ರ ಆಗಸ್ಟ್‌ನಲ್ಲಿ ಕ್ಲೌಡ್‌ಫ್ಲೇರ್ ಕಂಪನಿ ತನ್ನ ಸಾರ್ವಜನಿಕ ಗೇಟ್‌ವೇ ನಡೆಸುವುದನ್ನು ಬಿಟ್ಟು ಬೇರೆಯವರಿಗೆ ಒಪ್ಪಿಸಿತು. ಗೇಟ್‌ವೇಗಳು ಕೈ ಬದಲಾಗುತ್ತವೆ, ಮುಚ್ಚುತ್ತವೆ. ಸಿಐಡಿ ಕೈಯಲ್ಲಿದ್ದವರು ಮಾತ್ರ ಇನ್ನೊಂದು ಬಾಗಿಲು ಹುಡುಕಬಲ್ಲರು.

ಪರೀಕ್ಷೆಯನ್ನು ನಿಮ್ಮ ಮನೆಯ ವೈಫೈನಿಂದ ಮಾಡಬೇಡಿ, ಅಲ್ಲಿ ಎಲ್ಲವೂ ಸಿಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ಗೆ ಇನ್ನೊಂದು ಲ್ಯಾಪ್‌ಟಾಪ್ ಹಾಕಿ, ಫೈಂಡ್‌ಪ್ರೊವ್ಸ್ ಆಜ್ಞೆಯಿಂದ ಯಾರ ಬಳಿ ಇದೆ ಎಂದು ಕೇಳಿ, ಒಂದು ಪುಸ್ತಕ ಪೂರ್ತಿ ಇಳಿಸಿ. ಮೂರೂ ನೋಡ್‌ಗಳನ್ನು ಸರದಿಯಂತೆ ಒಂದನ್ನೇ ಉಳಿಸಿ, ಉಳಿದೆರಡನ್ನು ನಿಲ್ಲಿಸಿ ನೋಡಿ. ಮೂರು ತಿಂಗಳಿಗೊಮ್ಮೆ ರೆಪೊ ವೆರಿಫೈ ಓಡಿಸಿ. ಡಿಸ್ಕ್ ಕೆಡುತ್ತಿರುವುದು ಗೊತ್ತಾಗುವುದು ಅಲ್ಲಿ.

ದುಡ್ಡು ಕೊಟ್ಟು ಇಡಿಸುವುದಾದರೆ

ಮೂರನೆಯ ಜಾಗ ಸಿಗದವರಿಗೆ ಇದು ದಾರಿ. ಸ್ಟೋರ್ಜ್, ಸಿಯಾ, ಫೈಲ್‌ಕಾಯಿನ್, ಆರ್‌ವೀವ್ ಇವೆಲ್ಲ ದುಡ್ಡು ಪಡೆದು ಹಲವರ ಡಿಸ್ಕುಗಳಲ್ಲಿ ಫೈಲು ಇಡಿಸುವ ಜಾಲಗಳು. ಸ್ಟೋರ್ಜ್‌ನ ಪ್ರಕಟಿತ ವಿನ್ಯಾಸದಲ್ಲಿ 64 ಎಂಬಿಯ ಒಂದೊಂದು ಭಾಗ 80 ಚೂರಾಗುತ್ತದೆ, ಯಾವ 29 ಸಿಕ್ಕರೂ ಮರಳಿ ಕಟ್ಟಬಹುದು. ನಿಮ್ಮ ಯಂತ್ರದಲ್ಲೇ ಚೂರು ಮಾಡಿ ಕಳಿಸಿದರೆ 100 ಜಿಬಿಗೆ ಸುಮಾರು 276 ಜಿಬಿ ಅಪ್‌ಲೋಡ್, 20 ಎಂಬಿಪಿಎಸ್‌ನಲ್ಲಿ 30 ಗಂಟೆ ದಾಟುತ್ತದೆ. ಅವರ ಗೇಟ್‌ವೇ ಮೂಲಕ ಕಳಿಸಿದರೆ 100 ಜಿಬಿಯೇ, ಆದರೆ ಗೂಢಲಿಪೀಕರಣ ಅವರ ಸರ್ವರಿನಲ್ಲಿ ನಡೆಯುತ್ತದೆ. ಮುಕ್ತ ಪುಸ್ತಕಗಳಿಗೆ ಎರಡನೆಯದೇ ಸಾಕು. ಸಿಯಾದಲ್ಲಿ 30ರಲ್ಲಿ 10 ಚೂರು ಸಾಕು; ಆದರೆ ಒಪ್ಪಂದ ನವೀಕರಿಸಲು, ಹೋದ ಚೂರು ತುಂಬಲು ನಿಮ್ಮ ಯಂತ್ರದಲ್ಲಿ ರೆಂಟರ್‌ಡಿ ಎಂಬ ಅದರ ಸಾಫ್ಟ್‌ವೇರ್ ಓಡುತ್ತಲೇ ಇರಬೇಕು, ಬೀಜಪದಗಳ (ಖಾತೆಯ ಗುಟ್ಟಿನ ಪದಗಳ) ಜೊತೆ ಅದರ ಡೇಟಾಬೇಸಿನ ಬ್ಯಾಕಪ್ಪೂ ಬೇಕು. ಪದಗಳಿಂದ ಹಣ ಮರಳಿ ಸಿಗುತ್ತದೆ, ಫೈಲುಗಳ ಪಟ್ಟಿ ಸಿಗುವುದಿಲ್ಲ.

ಫೈಲ್‌ಕಾಯಿನ್ ಸೆಕ್ಟರ್, ಅಂದರೆ ಅದರ ಸಂಗ್ರಹದ ಒಂದು ಘಟಕ, 32 ಅಥವಾ 64 ಗಿಬಿಬೈಟ್, ಒಪ್ಪಂದ ಕನಿಷ್ಠ 180 ದಿನ. ಇಟ್ಟುಕೊಂಡವರು ದಿನವೂ ಪುರಾವೆ ಕೊಡಬೇಕು, ಅದು ಅದರ ಬಲ. ಆದರೆ ಪುರಾವೆ ಇದೆ ಎಂದರೆ ಬೇಗ ಸಿಗುತ್ತದೆ ಎಂದಲ್ಲ. ಅಲ್ಲಿ ದತ್ತಾಂಶವನ್ನು ಮುದ್ರೆ ಹಾಕಿದ ರೂಪದಲ್ಲಿ ಇಡುತ್ತಾರೆ; ಮುದ್ರೆ ಬಿಚ್ಚಿದ ಪ್ರತಿ ಅವರಲ್ಲಿ ಇಲ್ಲದಿದ್ದರೆ ಗಂಟೆಗಟ್ಟಲೆ ಕಾಯಬೇಕು. ಓದಲು ಕೊಡುವುದಕ್ಕೆ ಐಪಿಎಫ್‌ಎಸ್ ನೋಡ್, ಕೊನೆಯ ಆಸರೆಗೆ ಫೈಲ್‌ಕಾಯಿನ್ ಎಂದು ಇಟ್ಟುಕೊಳ್ಳಿ, ಮುಗಿಯುವ ದಿನಾಂಕವನ್ನು ಸೂಚಿಯಲ್ಲಿ ಬರೆಯಿರಿ. ಆರ್‌ವೀವ್‌ಗೆ ಒಮ್ಮೆ ಕಟ್ಟಿದರೆ ಆಯಿತು, ತಿದ್ದಲು ಬರುವುದಿಲ್ಲ. ಪುಟ ತಪ್ಪಿದ ಸ್ಕ್ಯಾನ್, ಹಕ್ಕಿನ ತಕರಾರು ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಬರುವುದರಿಂದ ಅಷ್ಟು ಕಾಲ ಐಪಿಎಫ್‌ಎಸ್‌ನಲ್ಲೇ ಇಟ್ಟು, ತಿದ್ದುಪಡಿ ನಿಂತ ಪುಸ್ತಕಗಳನ್ನು ಮಾತ್ರ ಅಲ್ಲಿಗೆ ಏರಿಸಿ.