ನಾಯಿ ದಪ್ಪ ಆಗಿದೆಯಾ? ಪಕ್ಕೆ ಮುಟ್ಟಿ ನೋಡಿ

ತೂಕದ ಮೆಷಿನ್ ಆಮೇಲೆ ತೆಗೆಯಿರಿ, ಮೊದಲು ಕೈಯಿಂದ ನೋಡಿ. ಲ್ಯಾಬ್ರಡಾರ್ ಇಷ್ಟು ಕೆಜಿ ಇರಬೇಕು ಅನ್ನೋ ಚಾರ್ಟ್ ನಂಬಿಕೊಂಡರೆ ಆಗಲ್ಲ, ಒಂದೇ ತಳಿಯಲ್ಲೂ ಒಂದರ ಮೈಕಟ್ಟು ದೊಡ್ಡದು, ಇನ್ನೊಂದರದ್ದು ಸಣ್ಣದು. ಬೀದಿಯಿಂದ ತಂದು ಸಾಕಿದ ನಾಯಿಗಂತೂ ಚಾರ್ಟೇ ಇಲ್ಲ ಅಲ್ವಾ?

ನಾಯಿಯನ್ನು ನಿಲ್ಲಿಸಿ. ನೀವು ಹಿಂದೆ ನಿಂತು ಎರಡೂ ಹೆಬ್ಬೆರಳನ್ನು ಬೆನ್ನೆಲುಬಿನ ಮೇಲಿಟ್ಟು, ಉಳಿದ ಬೆರಳುಗಳನ್ನು ಎರಡು ಪಕ್ಕೆಗಳ ಮೇಲೆ ಹರಡಿ ಮೆಲ್ಲಗೆ ಸವರಿ. ಒತ್ತಬೇಡಿ. ಏನು ಸಿಗಬೇಕು ಅಂತ ತಿಳಿಯಲು ನಿಮ್ಮ ಕೈಯನ್ನೇ ನೋಡಿ: ಎಡಗೈ ಬೆರಳು ನೇರ ಚಾಚಿ, ಗೆಣ್ಣುಗಳ ಹಿಂಭಾಗವನ್ನು ಬಲಗೈಯಿಂದ ಸವರಿ. ತೆಳು ಚರ್ಮದ ಕೆಳಗೆ ಎಲುಬು ಒಂದೊಂದಾಗಿ ಸಿಗುತ್ತದಲ್ಲ, ನಾಯಿಯ ಪಕ್ಕೆಯೂ ಹಾಗೇ ಸಿಕ್ಕರೆ ತೂಕ ಸರಿ ಇದೆ. ಮುಷ್ಟಿ ಕಟ್ಟಿದಾಗ ಗೆಣ್ಣುಗಳು ಚೂಪಾಗಿ ಏಳುವ ಹಾಗಿದ್ದರೆ ನಾಯಿ ಬಡಕಲು. ಅಂಗೈ ಕಡೆ ಬೆರಳ ಬುಡ ಮುಟ್ಟಿದ ಹಾಗೆ ಮೆತ್ತಗಿದ್ದು, ಒತ್ತಿ ಹುಡುಕಿದರೆ ಮಾತ್ರ ಎಲುಬು ಸಿಕ್ಕರೆ ಕೊಬ್ಬು ಜಾಸ್ತಿಯಾಗಿದೆ.

ಆಮೇಲೆ ಮೇಲಿನಿಂದ ನೋಡಿ, ಪಕ್ಕೆ ಮುಗಿದ ಮೇಲೆ ಸೊಂಟ ಸ್ವಲ್ಪ ಒಳಗೆ ಹೋಗಿರಬೇಕು. ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂಗಾಲಿನ ಕಡೆಗೆ ಮೇಲೇರಬೇಕು.

ಸ್ಪಿಟ್ಜ್ ತರಹದ ಕೂದಲಿನ ನಾಯಿಯನ್ನು ಬರೀ ಕಣ್ಣಲ್ಲಿ ಅಳೆಯಲು ಆಗಲ್ಲ, ಕೂದಲೊಳಗೆ ಬೆರಳು ಹಾಕಲೇಬೇಕು. ಮುಧೋಳ ನಾಯಿಯದ್ದು ಇದಕ್ಕೆ ಉಲ್ಟಾ. ಓಡುವ ನಾಯಿ ಅದು, ಹಿಂದಿನ ಒಂದೆರಡು ಪಕ್ಕೆಲುಬು ಕಣ್ಣಿಗೆ ಕಾಣುವುದು ಸಹಜ. ‘ಪಾಪ, ಊಟ ಹಾಕಲ್ವಾ’ ಅಂತ ಬಂದವರೆಲ್ಲ ಕೇಳಿದರೂ ಸುಮ್ನೆ ತಿನ್ನಿಸಿ ದಪ್ಪ ಮಾಡಬೇಡಿ.

ಡಾಕ್ಟರುಗಳು ಪಕ್ಕೆ, ಸೊಂಟ, ಹೊಟ್ಟೆ ಈ ಮೂರನ್ನೇ ನೋಡಿ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 4 ಅಥವಾ 5 ಸರಿ. 5ರ ಮೇಲೆ ಒಂದೊಂದು ಅಂಕ ಅಂದರೆ ತೂಕ ಸುಮಾರು ಶೇ. 10ರಿಂದ 15ರಷ್ಟು ಜಾಸ್ತಿ.

ತೂಕ ಬೇಕಾಗುವುದು ಬದಲಾವಣೆ ನೋಡಲು. ನಾಯಿಯನ್ನು ಎತ್ತಿಕೊಂಡು ಮೆಷಿನ್ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ಎತ್ತಲಾಗದಷ್ಟು ದೊಡ್ಡದಾದರೆ ಕ್ಲಿನಿಕ್ಕಿನ ಮೆಷಿನ್ನೇ ಒಳ್ಳೆಯದು.

ಜಾಸ್ತಿ ಅನ್ನಿಸಿದರೆ ಊಟದ ಬಟ್ಟಲಿಗಿಂತ ಮೊದಲು ಮನೆಯವರನ್ನೆಲ್ಲ ಕೇಳಿ ನೋಡಿ. ಅಜ್ಜಿ ಕಾಫಿ ಜೊತೆ ಕೊಡುವ ಬಿಸ್ಕತ್ತು, ಮಕ್ಕಳು ಟೇಬಲ್ ಕೆಳಗೆ ಹಾಕುವ ಚಪಾತಿ ತುಂಡು, ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಮೇಲುತಿಂಡಿ ದಿನದ ಕ್ಯಾಲೊರಿಯಲ್ಲಿ ಶೇ. 10 ದಾಟಬಾರದು. ಬಿಸ್ಕತ್ತಿನ ಬದಲು ಸೌತೆಕಾಯಿ, ಕ್ಯಾರೆಟ್ ಕೊಡಿ. ಮರಿ ಆಗದ ಹಾಗೆ ಆಪರೇಷನ್ ಆದ ನಾಯಿಗೆ ಮೊದಲಿನಷ್ಟು ಊಟ ಬೇಕಾಗಲ್ಲ, ಇದನ್ನು ತುಂಬಾ ಜನ ಮರೆಯುತ್ತಾರೆ. ಇದೆಲ್ಲ ಬರೀ ಅಂದಕ್ಕಲ್ಲ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 25ರಷ್ಟು ಕಡಿಮೆ ತಿಂದವು ಹೆಚ್ಚುಕಮ್ಮಿ ಎರಡು ವರ್ಷ ಜಾಸ್ತಿ ಬದುಕಿದವು.

ಹಾಗಂತ ಪಕ್ಕೆ ಎದ್ದು ಕಾಣುತ್ತಾ ಹೊಟ್ಟೆ ಮಾತ್ರ ಉಬ್ಬಿದ್ದರೆ ಅದು ಕೊಬ್ಬಲ್ಲ, ಮರಿಗಳಲ್ಲಿ ಜಂತುಹುಳು ಇರಬಹುದು, ದೊಡ್ಡ ನಾಯಿಯಲ್ಲಿ ಹೊಟ್ಟೆಯಲ್ಲಿ ನೀರು ತುಂಬಿರಬಹುದು. ಊಟ ಬದಲಿಸದೆಯೇ ತೂಕ ಏರಿದರೂ ಇಳಿದರೂ ಅಷ್ಟೇ, ಡಯಟ್ ಶುರು ಮಾಡದೆ ಮೊದಲು ಡಾಕ್ಟರಿಗೆ ತೋರಿಸಿ.